ಬೆಟ್ಟದ ಬೇಟೆಗೆ ಬೆಲೆಯರಿತ ದೂರದರ್ಶಕ

ಅಮೆರಿಕದ ಕೊಲರಾಡೊ, ವಯೋಮಿಂಗ್, ಮೊಂಟಾನ ಮೊದಲಾದ ಪಶ್ಚಿಮ ಸಂಸ್ಥಾನಗಳಲ್ಲಿ ಬೇಟೆಯೆಂಬುದು ಬಹುಮಟ್ಟಿಗೆ ಕುಳಿತು ನೋಡುವ ಕೆಲಸ. ಒಂದು ಏಣಿನಿಂದ ಎದುರಿನ ಇಳಿಜಾರಿನವರೆಗೆ ಎರಡು ಮೂರು ಕಿಲೋಮೀಟರ್ ದೂರ ಕಣ್ಣಿಗೆ ತಡೆಯಿಲ್ಲದೆ ಹರಡಿರುವ ಆ ಪರ್ವತಪ್ರದೇಶದಲ್ಲಿ ಪ್ರಾಣಿಯನ್ನು ಅರಸಿಕೊಂಡು ಕಾಲ್ನಡಿಗೆಯಲ್ಲಿ ಅಲೆಯುವವನಿಗೆ ದೊರೆಯುವುದು ಹೆಚ್ಚಾಗಿ ಬೆವರೇ. ಬೆಳಗಿನ ಮಬ್ಬಿನಲ್ಲಿಯೇ ಎತ್ತರದ ಬಂಡೆಯೊಂದರ ಮರೆ ಹಿಡಿದು, ದುರ್ಬೀನಿನಿಂದ ಇಳಿಜಾರುಗಳನ್ನು ಪಟ್ಟೆಪಟ್ಟೆಯಾಗಿ ಶೋಧಿಸಿ, ಪ್ರಾಣಿಯಿರಬಹುದೆಂದು ತೋರಿದ ಕಡೆಗೆ ಹೆಚ್ಚಿನ ವರ್ಧನೆಯುಳ್ಳ ಸ್ಪಾಟಿಂಗ್ ಸ್ಕೋಪನ್ನು ತಿರುಗಿಸಿ, ಅದು ಇಂಥದೇ ಎಂದು ನಿಶ್ಚಯವಾದ ಮೇಲೆ ಮಾತ್ರ ಹೆಜ್ಜೆಯೆತ್ತುವವನೇ ಅಲ್ಲಿಯ ಅನುಭವಸ್ಥ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದ ತರುವಾಯ ಬೇಟೆ ಅಪರಾಧವಾಯಿತು. ಅಲ್ಲಿಯಾದರೋ ಅದು ಪರವಾನಗಿಗೂ ಋತುವಿಗೂ ಆಯಾ ಸಂಸ್ಥಾನದ ವನ್ಯಜೀವಿ ಇಲಾಖೆಯ ಅಂಕೆಗೂ ಒಳಪಟ್ಟು ಇಂದಿಗೂ ನಡೆದುಬರುತ್ತಿದೆ. ಆ ಸೀಮೆಯಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಒಲಿದವರು ಇಂಥ ದೂರದರ್ಶಕವೊಂದನ್ನು ಕೊಳ್ಳಹೊರಟಾಗ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬುದೇ ಈ ಲೇಖನದ ವಿಷಯ.

ಬಂದೂಕಿನ ಮೇಲೆಯೇ ಒಂದು ದೂರದರ್ಶಕವಿರುವಾಗ ಇನ್ನೊಂದೇಕೆ ಎಂಬ ಪ್ರಶ್ನೆ ಹೊಸಬರಿಗೆ ಸಹಜ. ಇದಕ್ಕೆ ಉತ್ತರ ಎರಡು. ಮೊದಲನೆಯದು, ಬಂದೂಕಿನ ಮೇಲಿನ ದೂರದರ್ಶಕದಿಂದ ಏನನ್ನಾದರೂ ನೋಡಬೇಕಾದರೆ ಬಂದೂಕಿನ ಬಾಯಿಯನ್ನೂ ಅದರತ್ತ ತಿರುಗಿಸಲೇಬೇಕು. ಎದುರಿನ ಪೊದೆಯಲ್ಲಿ ಅಲುಗಿದ್ದು ಮನುಷ್ಯನೋ ಮೃಗವೋ ಎಂದು ತಿಳಿಯುವುದಕ್ಕಾಗಿ ಬಂದೂಕನ್ನು ಗುರಿಯಿಡುವುದು ಮಹಾಪರಾಧಕ್ಕೆ ಸಮಾನ. ಎರಡನೆಯದು, ಕಾನೂನಿನ ಮಾತು. ಕೊಲರಾಡೊದ ಅನೇಕ ವಿಭಾಗಗಳಲ್ಲಿ, ನಮ್ಮ ಕಡವೆಯ ಕುಟುಂಬಕ್ಕೆ ಸೇರಿದ ಎಲ್ಕ್ ಹೋರಿಯನ್ನು ಹೊಡೆಯಬೇಕಾದರೆ ಅದರ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲುಗಳಿರಬೇಕು, ಇಲ್ಲವೆ ಹಣೆಯ ಕವಲು ಕನಿಷ್ಠ 5 ಅಂಗುಲವಿರಬೇಕು. ಮೊಂಟಾನದಲ್ಲಿ ಹಣೆಗವಲಿನ ಹೋರಿಗೆ ವಿಧಿಸಿರುವ ಅಳತೆ 4 ಅಂಗುಲ. ಅಲಾಸ್ಕದ ಬಿಳಿಯ ಡಾಲ್ ಟಗರಿನ ವಿಷಯದಲ್ಲಿ ನಿಯಮ ಇನ್ನೂ ಸೂಕ್ಷ್ಮವಾದದ್ದು: ಹಲವು ಕಡೆಗಳಲ್ಲಿ ಟಗರಿನ ಒಂದು ಕೊಂಬಾದರೂ ಪೂರ್ಣ ಸುತ್ತು ಬಂದಿರಬೇಕು, ಅಥವಾ ಎರಡು ಕೊಂಬುಗಳ ತುದಿಯೂ ಮುರಿದಿರಬೇಕು, ಅಥವಾ ಕೊಂಬಿನ ಮೇಲಣ ವಾರ್ಷಿಕ ಉಂಗುರಗಳ ಲೆಕ್ಕದಿಂದ ಪ್ರಾಣಿಗೆ ಎಂಟು ವರ್ಷವಾದರೂ ತುಂಬಿರಬೇಕು. ಎದುರುಬೆಟ್ಟದಲ್ಲಿ ಮೇಯುತ್ತಿರುವ ಟಗರಿನ ಕೊಂಬಿನ ಉಂಗುರಗಳನ್ನು ಎಣಿಸುವ ಕೆಲಸ ಹತ್ತು ಪಟ್ಟು ವರ್ಧನೆಯ ದುರ್ಬೀನಿಗೆ ಎಟುಕುವಂಥದಲ್ಲ. ತಪ್ಪಾಗಿ ಹೊಡೆದವನಿಗೆ ದಂಡವೂ ಪರವಾನಗಿಯ ನಷ್ಟವೂ ಒದಗುವ ಸಂಭವವಿರುವುದರಿಂದ, ಸ್ಕೋಪಿಗೆ ಕೊಟ್ಟ ಹಣದಲ್ಲಿ ಒಂದಂಶವನ್ನು ವಿಮೆಯೆಂದೇ ಭಾವಿಸಬಹುದು.

ಹಾಗಾದರೆ ಎಷ್ಟು ಶಕ್ತಿಯ ಉಪಕರಣ ಬೇಕು? ಇಲ್ಲಿ ಊಹೆಗಿಂತ ಲೆಕ್ಕ ಮೇಲು. ಅಂಶವನ್ನು ಅರವತ್ತು ಕಲೆಗಳಾಗಿಯೂ ಕಲೆಯನ್ನು ಅರವತ್ತು ವಿಕಲೆಗಳಾಗಿಯೂ ವಿಭಜಿಸುವ ನಮ್ಮ ಜ್ಯೋತಿಷಿಗಳ ಮಾನದಲ್ಲಿ ಹೇಳುವುದಾದರೆ, ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಸುಮಾರು ಒಂದು ಕಲೆ, ಅಂದರೆ 60 ವಿಕಲೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಖಗೋಳವೀಕ್ಷಕ ವಿಲಿಯಂ ಡಾಸ್ ಜೋಡಿನಕ್ಷತ್ರಗಳನ್ನು ನೋಡಿ ನೋಡಿ ಕಂಡುಕೊಂಡ ಸೂತ್ರದಂತೆ, 116ನ್ನು ಮುಂದಿನ ಮಸೂರದ ವ್ಯಾಸದ ಮಿಲಿಮೀಟರುಗಳಿಂದ ಭಾಗಿಸಿದರೆ ಆ ದೂರದರ್ಶಕದ ವಿಭೇದನದ ಎಲ್ಲೆ ವಿಕಲೆಗಳಲ್ಲಿ ದೊರೆಯುತ್ತದೆ: 65 ಮಿಲಿಮೀಟರಿನ ಮಸೂರಕ್ಕೆ ಸುಮಾರು 1.8, 85ರದಕ್ಕೆ ಸುಮಾರು 1.4. ಈಗ ಕೊಲರಾಡೊದ ಹೋರಿಯ ಹಣೆಗವಲು ನಾಲ್ಕೂವರೆ ಅಂಗುಲವೋ ಐದೋ ಎಂಬ ಪ್ರಶ್ನೆ ಎದ್ದಿತೆನ್ನೋಣ. ಆ ಅರ್ಧ ಅಂಗುಲ 800 ಮೀಟರ್ ದೂರದಲ್ಲಿ ಸುಮಾರು 3.3 ವಿಕಲೆಯಷ್ಟು ಕೋನವನ್ನು ತೋರುತ್ತದೆ. 65 ಮಿಲಿಮೀಟರಿನ ಒಳ್ಳೆಯ ಸ್ಕೋಪು 40 ಪಟ್ಟು ವರ್ಧನೆಯಲ್ಲಿ ಅದನ್ನು ಕಣ್ಣಿಗೆ ಎಟುಕಿಸಬಲ್ಲುದು. ದೂರ 1600 ಮೀಟರಿಗೆ ಏರಿತೆಂದರೆ ಅದೇ ಅರ್ಧ ಅಂಗುಲ 1.6 ವಿಕಲೆಗೆ ಕುಗ್ಗಿ 65ರ ಮಸೂರದ ಎಲ್ಲೆಯಿಂದ ಕೆಳಗಿಳಿಯುತ್ತದೆ; 85ರ ಮಸೂರಕ್ಕೆ ಅದು ಕಾಗದದ ಮೇಲೆ ಸಾಧ್ಯವಾದರೂ, ನಡುವಣ ಗಾಳಿ ಹಗಲು ಹೊತ್ತಿನಲ್ಲಿ ಅಷ್ಟು ನಿಶ್ಚಲವಾಗಿರುವುದು ಬಲು ಅಪೂರ್ವ. ಇದರಿಂದ ನಾನು ಮಾಡಿಕೊಳ್ಳುವ ನಿರ್ಣಯವೆಂದರೆ, ಒಂದು ಮೈಲಿಯಾಚೆಯ ಪ್ರಾಣಿಯ ಕವಲನ್ನು ಅಳೆಯುವುದಕ್ಕೆಂದು ದುಬಾರಿಯ ಭಾರೀ ಯಂತ್ರವನ್ನು ಕೊಳ್ಳುವುದಕ್ಕಿಂತ, ಮಧ್ಯಮ ಗಾತ್ರದ ಒಳ್ಳೆಯ ಯಂತ್ರವನ್ನು ಕೊಂಡು ಇನ್ನರ್ಧ ಮೈಲಿ ಹತ್ತಿರ ನಡೆಯುವುದು ಲಾಭಕರ.

ಪೆಟ್ಟಿಗೆಯ ಮೇಲೆ 16-48x65, 20-60x85 ಎಂದು ಮುದ್ರಿಸಿರುವ ಅಂಕಿಗಳಲ್ಲಿ ಮೊದಲನೆಯ ಜೋಡಿ ವರ್ಧನೆಯ ವ್ಯಾಪ್ತಿ, ಕೊನೆಯದು ಮುಂದಿನ ಮಸೂರದ ವ್ಯಾಸ. ಕೊಳ್ಳುವವರು ಮರುಳಾಗುವುದು ಮೊದಲನೆಯ ಜೋಡಿಗೆ. ಬೆಲೆ ಬಾಳುವುದು ಕೊನೆಯದು. ವರ್ಧನೆಯನ್ನು ಹೆಚ್ಚಿಸುವುದು ತಯಾರಕನಿಗೆ ಅತ್ಯಂತ ಅಗ್ಗದ ಕೆಲಸ. ಆದರೆ ಮಸೂರದೊಳಕ್ಕೆ ಬಂದ ಬೆಳಕು ಬಂದಷ್ಟೇ ಆಗಿರುವುದರಿಂದ, ನೆಂಟರು ಹೆಚ್ಚಾದರೆಂದು ಸಾರಿಗೆ ನೀರು ಬೆರೆಸಿದಂತೆ, ಬಿಂಬ ದೊಡ್ಡದಾದಷ್ಟೂ ತೆಳುವಾಗುತ್ತದೆ. ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಾಗ ದೊರೆಯುವುದು ಕಣ್ಣಿನತ್ತ ಹೊರಬೀಳುವ ಬೆಳಕಿನ ಕಂಬಿಯ ದಪ್ಪ: 65ನ್ನು 16ರಿಂದ ಭಾಗಿಸಿದರೆ 4 ಮಿಲಿಮೀಟರ್, 48ರಿಂದ ಭಾಗಿಸಿದರೆ ಸುಮಾರು 1.4. ಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುವುದರಿಂದ ಈ ಕೊರತೆ ಅಷ್ಟಾಗಿ ತೋರದು. ಮಬ್ಬಿನಲ್ಲಿ ಪಾಪೆ ಹಿಗ್ಗಿ ಐದಾರು ಮಿಲಿಮೀಟರ್ ಆದಾಗ, ಆ ಸಣ್ಣ ಕಂಬಿ ಸಾಲದೆ ಎಲ್ಲವೂ ಬೂದಿಬಣ್ಣದಲ್ಲಿ ಕದಡಿಹೋಗುತ್ತದೆ. ಕೊಲರಾಡೊದಲ್ಲಿ ಇಂಥ ಬೇಟೆಗೆ ಕಾನೂನು ಗೊತ್ತುಮಾಡಿರುವ ಕಾಲ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ಅನಂತರದವರೆಗೆ; ಎಲ್ಕುಗಳೂ ಜಿಂಕೆಯ ಬಗೆಯ ಮ್ಯೂಲ್ ಡಿಯರ್‌ಗಳೂ ಬಯಲಿಗೆ ಬಂದು ಮೇಯುವುದು ಬಹುಪಾಲು ಆ ಎರಡು ಅಂಚುಗಳಲ್ಲಿಯೇ. ಸ್ಕೋಪಿನ ಯೋಗ್ಯತೆ ಬಯಲಾಗುವುದು ಆ ಹೊತ್ತಿನಲ್ಲಿ.

ಮಧ್ಯಾಹ್ನಕ್ಕೆ ಇನ್ನೊಂದು ವಿಘ್ನ. ಬಿಸಿಲೇರಿ ನೆಲ ಕಾದ ಮೇಲೆ ಮೇಲೇಳುವ ಬಿಸಿಗಾಳಿಯ ಅಲೆಗಳಲ್ಲಿ ದೂರದ ಪ್ರಾಣಿ ನೀರಿನೊಳಗಿದ್ದಂತೆ ನಡುಗತೊಡಗುತ್ತದೆ. ಸ್ಕೋಪು ಪ್ರಾಣಿಯನ್ನು ದೊಡ್ಡದು ಮಾಡಿದಷ್ಟೇ ನಿಷ್ಪಕ್ಷಪಾತವಾಗಿ ಆ ನಡುಕವನ್ನೂ ದೊಡ್ಡದು ಮಾಡುತ್ತದೆ. ಇಂಥ ಹೊತ್ತಿನಲ್ಲಿ ಇಪ್ಪತ್ತೈದು ಮೂವತ್ತು ಪಟ್ಟಿನಾಚೆಗೆ ಹೋಗಿ ಪ್ರಯೋಜನವಿಲ್ಲ, ಯಂತ್ರದ ಬೆಲೆ ಎಷ್ಟೇ ಇರಲಿ. ಅರವತ್ತು ಪಟ್ಟು ಎಂಬ ಅಂಕಿಗೆ ಹಣ ತೆತ್ತವನು ಅದನ್ನು ನೆಮ್ಮದಿಯಾಗಿ ಬಳಸುವ ಕಾಲ ದಿನದಲ್ಲಿ ಬಲು ಸ್ವಲ್ಪ.

ಗಾಜಿನ ವಿಷಯ ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದು, ಏಕೆಂದರೆ ಇನ್ನೂರು ಡಾಲರಿನ ಯಂತ್ರಕ್ಕೂ ಸಾವಿರದ್ದಕ್ಕೂ ಇರುವ ಅಂತರದ ಬಹುಪಾಲು ಅಡಗಿರುವುದು ಅಲ್ಲಿಯೇ. ಸಾಮಾನ್ಯ ಗಾಜಿನ ಮಸೂರ ಕೆಂಪನ್ನೂ ನೀಲಿಯನ್ನೂ ಒಂದೇ ಬಿಂದುವಿನಲ್ಲಿ ಕೂಡಿಸಲಾರದು. ಈ ವರ್ಣದೋಷದಿಂದಾಗಿ, ಹಿಮದ ಮೇಲೆ ನಿಂತ ಪ್ರಾಣಿಯ ಬೆನ್ನಿನ ಗೆರೆಗೂ ಆಕಾಶದೆದುರಿಗೆ ಕಾಣುವ ಕೊಂಬಿನ ಅಂಚಿಗೂ ನೇರಿಳೆ ಹಸಿರುಗಳ ಝಾಲರಿ ಕಟ್ಟಿಕೊಳ್ಳುತ್ತದೆ. ವರ್ಧನೆ ಕಡಿಮೆಯಿರುವ ದುರ್ಬೀನಿನಲ್ಲಿ ಇದು ಕ್ಷಮ್ಯ. ನಲವತ್ತು ಪಟ್ಟಿನಲ್ಲಿ ಇದೇ ಝಾಲರಿ ಕವಲಿನ ತುದಿಯನ್ನು ನುಂಗಿಬಿಡುತ್ತದೆ. ಇದಕ್ಕೆ ಪರಿಹಾರವೆಂದರೆ ಇಡಿ ಎಂದು ವ್ಯವಹರಿಸುವ ಅತ್ಯಲ್ಪ ವರ್ಣವಿಕ್ಷೇಪದ ಗಾಜು, ಅದಕ್ಕೂ ಮೇಲಾಗಿ ಫ್ಲೋರೈಟ್ ಸ್ಫಟಿಕ. ಜಪಾನಿನ ಕೋವಾ ಸಂಸ್ಥೆಯ ಮೇಲ್ದರ್ಜೆಯ ಯಂತ್ರಗಳಲ್ಲಿರುವುದು ಈ ಸ್ಫಟಿಕವೇ. ಇನ್ನು ಲೇಪನ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅಂಥ ಹದಿನಾರು ಮುಖಗಳನ್ನು ದಾಟಿ ಬರುವಷ್ಟರಲ್ಲಿ ಉಳಿಯುವುದು ಸುಮಾರು ಅರ್ಧ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲ ಕಂಡುಹಿಡಿದ ಪ್ರತಿಫಲನನಿರೋಧಕ ಲೇಪನವೇ ಇಂದಿನ ಬಹುಪದರ ಲೇಪನಗಳ ಮೂಲಪುರುಷ. ಎಲ್ಲ ಮುಖಗಳಿಗೂ ಹಲವು ಪದರಗಳ ಲೇಪವಿದೆಯೇ, ಅಥವಾ ಹೊರಮುಖಗಳಿಗೆ ಮಾತ್ರವೇ ಎಂದು ವಿವರಪತ್ರದಲ್ಲಿ ಹುಡುಕಿ ನೋಡಬೇಕು. ಬರಿದೇ ಲೇಪಿತ ಎಂದಿದ್ದರೆ ಅದು ಅರ್ಧಸತ್ಯವಾಗಿರುವ ಸಂಭವವೇ ಹೆಚ್ಚು. ತಲೆಕೆಳಗಾದ ಬಿಂಬವನ್ನು ನೆಟ್ಟಗೆ ನಿಲ್ಲಿಸುವ ಪಟ್ಟಕಗಳಲ್ಲಿ ಇಟಲಿಯ ಪೋರೊ 1854ರಲ್ಲಿ ಸ್ವಾಮ್ಯ ಪಡೆದ ಹಳೆಯ ಮಾದರಿ ತುಸು ದಪ್ಪನೆಯ ಒಡಲನ್ನು ಬೇಡಿದರೂ, ಕನ್ನಡಿಯ ಲೇಪವನ್ನಾಗಲಿ ಕಟ್ಟುನಿಟ್ಟಾದ ಸಾಣೆಯನ್ನಾಗಲಿ ಅಷ್ಟಾಗಿ ಬೇಡದಿರುವುದರಿಂದ, ಅಗ್ಗದ ಯಂತ್ರದಲ್ಲಿಯೂ ಒಳ್ಳೆಯ ಬಿಂಬವನ್ನು ಕೊಡಬಲ್ಲುದು. ಕಡಿಮೆ ಬೆಲೆಯಲ್ಲಿ, ಅವೆರಡನ್ನೂ ಬೇಡುವ ಇನ್ನೊಂದು ಬಗೆಯ ಪಟ್ಟಕದ ನಯವಾದ ನೇರ ಕೊಳವೆಯ ಅಂದಕ್ಕೆ ಸೋಲುವುದು ಬುದ್ಧಿವಂತಿಕೆಯಲ್ಲ.

ಭಾರದ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. 85 ಮಿಲಿಮೀಟರ್ ದರ್ಜೆಯ ಯಂತ್ರಗಳು ಒಂದೂಮುಕ್ಕಾಲು ಕಿಲೋ ಆಸುಪಾಸು ತೂಗುತ್ತವೆ. 65ರವು ಹೆಚ್ಚಾಗಿ ಒಂದೂಕಾಲರ ಆಜುಬಾಜು. 50, 55ರ ಪುಟ್ಟ ಯಂತ್ರಗಳು ಮುಕ್ಕಾಲು ಕಿಲೋ ಮಾತ್ರ. ಹಲವು ದಿನಗಳ ಊಟವನ್ನೂ ಗುಡಾರವನ್ನೂ ಬೆನ್ನ ಮೇಲೆ ಹೊತ್ತು ಹತ್ತು ಸಾವಿರ ಅಡಿಯೆತ್ತರಕ್ಕೆ ಏರುವವನಿಗೆ ಅರ್ಧ ಕಿಲೋ ಎಂಬುದು ಹರಟೆಯ ವಿಷಯವಲ್ಲ. ಗಾಡಿ ನಿಲ್ಲಿಸಿದ ಜಾಗದಿಂದ ಕೂಗಳತೆಯಲ್ಲಿ ಕುಳಿತು ನೋಡುವವನಿಗೆ ಅದು ಲೆಕ್ಕಕ್ಕೇ ಬಾರದು. ಒಂದೇ ವರ್ಧನೆಯಲ್ಲಿ 85ರ ಮಸೂರ 65ರದಕ್ಕಿಂತ ಒಂದೂಮುಕ್ಕಾಲು ಪಟ್ಟಿನಷ್ಟು ಬೆಳಕನ್ನು ಕೂಡಿಸುತ್ತದೆಂಬುದು ನಿಜ. ಆದರೆ ಒಂದೇ ಬೆಲೆಗೆ ಎರಡೂ ದೊರೆಯುವಾಗ ಚಿಕ್ಕ ಮಸೂರದ ಯಂತ್ರದಲ್ಲಿ ಗಾಜು ಉತ್ತಮವಾಗಿರುವುದೇ ಸಾಮಾನ್ಯ. ಹೊರುವವರಿಗೂ, ಮೊದಲ ಬಾರಿಗೆ ಕೊಳ್ಳುವವರಿಗೂ, ಇಡಿ ಗಾಜಿನ 65ರ ಯಂತ್ರವನ್ನೇ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ಮುಕ್ಕಾಲಿ. ಸ್ಕೋಪಿಗೆ ಎಂಟುನೂರು ಡಾಲರ್ ತೆತ್ತು, ಮದುವೆಯ ಫೋಟೋ ತೆಗೆಯಲೆಂದು ಎಂದೋ ಕೊಂಡ ತೆಳುಗಾಲಿನ ಟ್ರೈಪಾಡಿನ ಮೇಲೆ ಅದನ್ನು ನಿಲ್ಲಿಸಿ, ಬಿಂಬ ಅಲುಗುವುದಕ್ಕೆ ಗಾಜನ್ನು ದೂರುವವರನ್ನು ಕಂಡಿದ್ದೇನೆ. ನಲವತ್ತು ಪಟ್ಟು ವರ್ಧನೆಯಲ್ಲಿ ಎದೆಬಡಿತವೂ ಕೈಯ ಮೂಲಕ ಹಾಯ್ದು ಕಣ್ಣಿಗೆ ಕಾಣುವುದು. ಗಾಳಿ ಬೀಸಿದರಂತೂ ಎದುರುಬೆಟ್ಟವೆಲ್ಲ ಕುಣಿಯತೊಡಗುವುದು. ಆದುದರಿಂದ ಒಟ್ಟು ಮೊತ್ತದಲ್ಲಿ ನಾಲ್ಕರಲ್ಲೊಂದು, ಸಾಧ್ಯವಾದರೆ ಮೂರರಲ್ಲೊಂದು ಪಾಲನ್ನು ಮುಕ್ಕಾಲಿಗೂ ಅದರ ತಲೆಗೂ ಮೊದಲೇ ಎತ್ತಿಡಬೇಕು. ಕಾಲುಗಳು ಅಗಲವಾಗಿ ಚಾಚಿಕೊಂಡು ನೆಲಕ್ಕೆ ತಗ್ಗುವಂತಿರಲಿ, ಬೇಟೆಗಾರ ನೋಡುವುದು ನಿಂತಲ್ಲ, ಕುಳಿತು. ನಡುವಣ ಕಂಬವನ್ನು ಮೇಲಕ್ಕೆತ್ತಿದೊಡನೆ ಮೂರು ಕಾಲಿನ ಯಂತ್ರ ಒಂಟಿಕಾಲಿನದಾಗುತ್ತದೆ. ಆ ಕಂಬವಿಲ್ಲದ ಮುಕ್ಕಾಲಿ ಹಗುರವೂ ಹೌದು, ಗಟ್ಟಿಯೂ ಹೌದು. ತಲೆಯ ವಿಷಯದಲ್ಲಿ, ಗುಂಡಿನ ಮೇಲೆ ಹೊರಳುವ ಮಾದರಿ ಛಾಯಾಚಿತ್ರಕಾರನಿಗೆ ಅನುಕೂಲವಾದರೂ ತಿರುಪು ಸಡಿಲಿಸಿದ ಕ್ಷಣಕ್ಕೆ ಸ್ಕೋಪು ಮೂತಿಯೂರಿ ಬೀಳುವುದರಿಂದ, ಅಡ್ಡಕ್ಕೂ ಉದ್ದಕ್ಕೂ ಬೇರೆಬೇರೆಯಾಗಿ, ಎಣ್ಣೆ ಸವರಿದಷ್ಟು ನಯವಾಗಿ ತಿರುಗಿ, ಬಿಟ್ಟಲ್ಲಿಯೇ ನಿಲ್ಲುವ ಫ್ಲೂಯಿಡ್ ಹೆಡ್ ಉತ್ತಮ. ಗಾಳಿಯ ದಿನ ಬೆನ್ನುಚೀಲವನ್ನು ಮುಕ್ಕಾಲಿಯ ಹೊಟ್ಟೆಗೆ ನೇತುಹಾಕಿ, ಚೀಲದ ಬುಡ ನೆಲಕ್ಕೆ ತಗುಲುವಂತೆ ಬಿಡಬೇಕು. ತೂಗಾಡುವ ಭಾರ ನಡುಕವನ್ನು ಕಳೆಯುವುದಿಲ್ಲ, ಕೂಡಿಸುತ್ತದೆ. ಇದೇ ಮುಕ್ಕಾಲಿಯ ಮೇಲೆ ಕೈಯಲ್ಲಿರುವ ದುರ್ಬೀನನ್ನೂ ಕೂಡಿಸಿ ನೋಡಲು ಸಾಧ್ಯವಾಗುವುದೊಂದು ಅಧಿಕ ಲಾಭ. ಅರಿಝೋನದ ಮರುಭೂಮಿಯ ಬೆಟ್ಟಗಳಲ್ಲಿ ಪುಟ್ಟ ಕೂಸ್ ಜಿಂಕೆಗಳನ್ನು ಅರಸುವವರು ಹದಿನೈದು ಪಟ್ಟಿನ ದುರ್ಬೀನನ್ನು ಹೀಗೆಯೇ ಬಳಸುತ್ತಾರೆ.

ಕಣ್ಣಿಡುವ ತುದಿ ನೇರವಿರಬೇಕೋ ಬಾಗಿರಬೇಕೋ ಎಂಬುದರ ಮೇಲೆ ಬಹಳ ವಾದಗಳಿವೆ. ಬಾಗಿದ್ದರೆ ಮೇಲಿನ ಇಳಿಜಾರನ್ನು ಕತ್ತು ನೋಯದೆ ನೋಡಬಹುದು, ಮುಕ್ಕಾಲಿಯನ್ನು ಗಿಡ್ಡವಾಗಿ ನಿಲ್ಲಿಸಬಹುದು. ನೇರವಿದ್ದರೆ ಗಾಡಿಯ ಕಿಟಕಿಯಿಂದ ನೋಡುವುದಕ್ಕೂ, ದುರ್ಬೀನಿನಲ್ಲಿ ಕಂಡದ್ದನ್ನು ತಟ್ಟನೆ ಗುರಿಹಿಡಿಯುವುದಕ್ಕೂ ಅನುಕೂಲ. ಯಾವುದನ್ನು ಕೊಂಡರೂ ತಿಂಗಳೊಳಗೆ ಅಭ್ಯಾಸವಾಗಿಬಿಡುತ್ತದೆ. ಕನ್ನಡಕ ಧರಿಸುವವರು ಮಾತ್ರ ಕಣ್ಣಿಗೂ ಗಾಜಿಗೂ ನಡುವೆ ಬಿಡಬಹುದಾದ ಅಂತರ 15 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಇಲ್ಲದಿದ್ದರೆ ಬೀಗದ ಕಿಂಡಿಯಿಂದ ಇಣುಕಿದ ಅನುಭವವಷ್ಟೇ ಲಭ್ಯ. ಒಳಗೆ ಸಾರಜನಕವನ್ನೋ ಆರ್ಗಾನನ್ನೋ ತುಂಬಿ ಬೆಸೆದ, ನೀರು ನುಗ್ಗದ ಯಂತ್ರವೇ ಆಗಬೇಕೆಂಬುದನ್ನು ಚಳಿಯ ನಾಡಿನಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಸ್ಕೋಪನ್ನು ಬೆಳಕಿನತ್ತ ಹಿಡಿದು, ಕಣ್ಣಿಡುವ ತುದಿಯನ್ನು ತೋಳಳತೆಯ ದೂರದಿಂದ ನೋಡಿದರೆ ಅಲ್ಲೊಂದು ಪುಟ್ಟ ಬೆಳಕಿನ ಬಿಲ್ಲೆ ತೇಲುತ್ತಿರುವುದು ಕಾಣುತ್ತದೆ. ಅದು ಅಂಚಿನವರೆಗೂ ಒಂದೇ ಹೊಳಪಿನಿಂದ ದುಂಡಗಿರಬೇಕು. ಅಂಚು ಕತ್ತರಿಸಿದಂತೆ ಚೌಕವಾಗಿದ್ದು ಮೂಲೆಗಳಲ್ಲಿ ಬೂದಿಬಣ್ಣ ತುಳುಕುತ್ತಿದ್ದರೆ ಪಟ್ಟಕದ ಗಾಜು ಕೀಳುದರ್ಜೆಯದೆಂದೋ, ಪಟ್ಟಕದ ಗಾತ್ರ ಸಾಲದೆಂದೋ ತಿಳಿಯಬಹುದು. ಅನಂತರ ಅಂಗಡಿಯವನ ಅನುಮತಿ ಪಡೆದು ಬಾಗಿಲಾಚೆಗೆ ತಂದು, ರಸ್ತೆಯ ಕೊನೆಯ ವಿದ್ಯುತ್ ಕಂಬದ ತಂತಿಯನ್ನು ಆಕಾಶದೆದುರಿಗೆ ಹಿಡಿದು, ಝಾಲರಿ ಎಷ್ಟಿದೆಯೆಂದು ನೋಡಬೇಕು. ಆಮೇಲೆ ಅತ್ಯಧಿಕ ವರ್ಧನೆಗೆ ಏರಿಸಿ ದೂರದ ಫಲಕದ ಸಣ್ಣಕ್ಷರಗಳ ಮೇಲೆ ಫೋಕಸ್ ತಿರುಪನ್ನು ಮೆಲ್ಲನೆ ಆಚೀಚೆಗೆ ತಿರುಗಿಸಬೇಕು. ಒಳ್ಳೆಯ ಯಂತ್ರದಲ್ಲಿ ಅಕ್ಷರಗಳು ಒಂದು ಜಾಗದಲ್ಲಿ ತಟಕ್ಕನೆ ಎದ್ದು ನಿಲ್ಲುತ್ತವೆ, ಕೂದಲೆಳೆಯಷ್ಟು ಮುಂದೆ ಹೋದರೂ ಮಸುಕಾಗುತ್ತವೆ. ಇದೋ ಸರಿಯಾಯಿತು, ಅಲ್ಲ, ಇನ್ನೂ ತುಸು ಎಂದು ಕಾಲು ಸುತ್ತಿನವರೆಗೂ ಅನುಮಾನ ಮುಂದುವರಿದರೆ ಆ ಯಂತ್ರವನ್ನು ಮರಳಿ ಪೆಟ್ಟಿಗೆಗೆ ಸೇರಿಸಬೇಕು. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿಯೂ ಈ ವ್ಯತ್ಯಾಸ ಕಾಣುವುದುಂಟು. ಆದ್ದರಿಂದ ಹಿಂದಿರುಗಿಸುವ ಅವಕಾಶವಿರುವ ಕಡೆಯೇ ಕೊಂಡು, ಮನೆಗೆ ತಂದ ರಾತ್ರಿಯೇ ಒಂದು ನಕ್ಷತ್ರಕ್ಕೆ ತಿರುಗಿಸಿ ನೋಡುವುದು ಮೇಲು. ಫೋಕಸನ್ನು ಕೆಡಿಸಿದಾಗ ನಕ್ಷತ್ರ ಏಕಕೇಂದ್ರದ ದುಂಡು ಉಂಗುರಗಳಾಗಿ ಅರಳಿದರೆ ಸರಿ. ಮುಕ್ಕೋಣವಾಗಿಯೋ ಬಾಲ ಬಿಟ್ಟುಕೊಂಡೋ ಸೊಟ್ಟಗಾದರೆ ಮಸೂರದ ಜೋಡಣೆ ಕೆಟ್ಟಿದೆಯೆಂದೇ ಅರ್ಥ.

ಬೆಲೆಯನ್ನು ಕುರಿತು ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಇನ್ನೂರು ಡಾಲರಿನ ಒಳಗಿನ, ಅರವತ್ತು ಪಟ್ಟನ್ನು ಸಾರುವ ಯಂತ್ರಗಳಿಂದ ಗುರಿಹಲಗೆಯ ಮೇಲಿನ ಗುಂಡಿನ ತೂತನ್ನು ನೋಡಬಹುದು, ಬೆಟ್ಟದಲ್ಲಿ ಅವು ನಿರಾಶೆಯನ್ನೇ ತರುವುವು. ಐನೂರು ಡಾಲರಿನ ಆಸುಪಾಸಿನಲ್ಲಿ, ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿಯಂಥ ಯಂತ್ರಗಳಿಂದ ಆರಂಭಿಸಿ, ಹಣಕ್ಕೆ ತಕ್ಕ ನೋಟ ದೊರೆಯತೊಡಗುತ್ತದೆ. ಸಾವಿರವನ್ನು ದಾಟಿದ ಮೇಲೆ ಪ್ರತಿ ನೂರು ಡಾಲರಿಗೆ ಕೊಳ್ಳುವುದು ಮಬ್ಬುಹೊತ್ತಿನ ಕೆಲವು ನಿಮಿಷಗಳನ್ನೂ ಅಂಚಿನವರೆಗಿನ ಸ್ಪಷ್ಟತೆಯನ್ನೂ ಮಾತ್ರ. ಟಿರೋಲಿನ ಸ್ವರೋವ್‌ಸ್ಕಿಯ ಯಂತ್ರಗಳು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಜೀವನೋಪಾಯವೇ ಇದಾಗಿರುವ ಮಾರ್ಗದರ್ಶಕನಿಗೆ ಅವು ಸಲ್ಲುತ್ತವೆ, ವರ್ಷಕ್ಕೊಂದು ವಾರ ಬೆಟ್ಟಕ್ಕೆ ಹೋಗುವವನು ಆ ಹಣದಲ್ಲಿ ಹಲವು ಋತುಗಳ ಪರವಾನಗಿಯನ್ನೂ ಪಯಣದ ವೆಚ್ಚವನ್ನೂ ಕಳೆಯಬಹುದು. ಇವೆರಡರ ನಡುವಣ ಜಾಣದಾರಿಯೆಂದರೆ ಬಳಸಿದ ಯಂತ್ರ. ವೋರ್ಟೆಕ್ಸ್, ಲೂಪೋಲ್ಡ್ ಮೊದಲಾದ ಸಂಸ್ಥೆಗಳ ಜೀವಾವಧಿ ಭರವಸೆ ಮೊದಲ ಒಡೆಯನಿಗೆ ಮಾತ್ರ ಸೀಮಿತವಾದುದಲ್ಲ. ಎರಡನೆಯ ಕೈಯವನಿಗೂ ಅದು ಸಲ್ಲುವುದರಿಂದ ಅಂಥ ಕೊಳ್ಳುವಿಕೆಯಲ್ಲಿ ಅಪಾಯ ಕಡಿಮೆ. ಮುಂದಿನ ಮಸೂರದಿಂದ ಒಳಕ್ಕೆ ಕೈದೀಪ ಹಾಯಿಸಿ, ಜೇಡನ ಬಲೆಯಂತೆ ಬೂಷ್ಟು ಹಬ್ಬಿದೆಯೇ, ಒಳಮುಖಗಳಲ್ಲಿ ಮಂಜು ಕಟ್ಟಿದೆಯೇ ಎಂದು ನೋಡಿಕೊಂಡರೆ ಸಾಕು. ಮೈಮೇಲಣ ಗೀರುಗಳು ಬೆಲೆಯಿಳಿಸುವುದಕ್ಕೆ ಉಪಯೋಗಕ್ಕೆ ಬರುತ್ತವೆ.

ಕರ್ನಾಟಕದಲ್ಲಿರುವ ಓದುಗರಿಗೆ ಈ ಉಪಕರಣ ಒದಗುವುದು ಹಕ್ಕಿಗಳನ್ನು ನೋಡುವುದಕ್ಕೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಬೆದರಿಸದೆ ದಂಡೆಯಿಂದಲೇ ನೋಡಬೇಕೆನ್ನುವವರಿಗೆ ಮೇಲಿನ ಮಾತುಗಳೆಲ್ಲ ಅನ್ವಯಿಸುತ್ತವೆ, ಒಂದನ್ನುಳಿದು: ಏರಿಯವರೆಗೂ ಗಾಡಿ ಹೋಗುವುದರಿಂದ ಭಾರಕ್ಕೆ ಹೆದರದೆ 80ರ, 85ರ ಮಸೂರವನ್ನೇ ಆರಿಸಬಹುದು. ನೀರಿನ ಮೇಲಣ ಬಿಸಿಲ ಝಳ ಇಲ್ಲಿಯೂ ತಪ್ಪಿದ್ದಲ್ಲ. ಹಗಲು ಹತ್ತರ ಒಳಗೆ ನೋಡಿ ಮುಗಿಸುವುದು ಲೇಸು.

ಕೊಂಡ ಯಂತ್ರವನ್ನು ಬೇಟೆಯ ಋತುವಿನ ಹಿಂದಿನ ದಿನದವರೆಗೆ ಪೆಟ್ಟಿಗೆಯಲ್ಲಿಡದೆ, ಒಂದೆರಡು ತಿಂಗಳ ಮುಂಚಿನಿಂದಲೇ ಮನೆಯ ಹಿತ್ತಲಿನಿಂದ ದೂರದ ಮರಗಳನ್ನು ಹುಡುಕಿ ಅಭ್ಯಾಸ ಮಾಡಬೇಕು. ಮೊದಲು ಯಾವಾಗಲೂ ಅತ್ಯಂತ ಕಡಿಮೆ ವರ್ಧನೆ. ನೋಟ ಅಗಲವಾಗಿರುವಾಗ ವಸ್ತುವನ್ನು ನಡುವಿಗೆ ತಂದುಕೊಂಡು, ಮುಕ್ಕಾಲಿಯ ತಲೆಯನ್ನು ಬಿಗಿದು, ಕೈಯನ್ನು ಹಿಂದಕ್ಕೆಳೆದು, ನಡುಕ ನಿಂತ ಮೇಲೆ ವರ್ಧನೆಯನ್ನು ಏರಿಸಬೇಕು. ಇನ್ನೊಂದು ಕಣ್ಣನ್ನು ಕಿವುಚಿ ಮುಚ್ಚಿದರೆ ಕಾಲು ಗಂಟೆಯಲ್ಲಿ ಎರಡೂ ಕಣ್ಣು ದಣಿಯುತ್ತವೆ. ಅದನ್ನು ತೆರೆದೇ ಇಟ್ಟು, ಟೋಪಿಯ ಅಂಚನ್ನು ಅದರ ಮೇಲೆ ಇಳಿಬಿಟ್ಟರೆ ಸಾಕು.